ನೀರಿನ ವಿಷಯಗಳಿಗೆ ನಾಗರಿಕ ಸಮಿತಿ: ನಗರಸಭೆಯ ಕರಡಿಗೆ ಏನೆಂದು ಉತ್ತರ ಬರೆಯಬೇಕು?

ತಿಳಿನೀರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕುಡಿಯುವ ನೀರು, ಒಳಚರಂಡಿ ಮತ್ತು ಮಳೆನೀರು ಕಾಲುವೆಗಳ ವಿಷಯದಲ್ಲಿ ಸಲಹೆ ಪಡೆಯಲು ನಾಗರಿಕರ ಸಮಿತಿಯೊಂದನ್ನು ರಚಿಸಬೇಕೆಂಬ ಆಲೋಚನೆ ನಮ್ಮ ನಗರಸಭೆಯ ಮುಂದಿದೆ. ಅದರ ಕರಡು ನಿರ್ಣಯವನ್ನು ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಿದ್ದಾರೆ. ನಿವಾಸಿಗಳ ಸಂಘದ ಪರವಾಗಿ ಅದಕ್ಕೆ ಉತ್ತರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಕರಡು ಇರುವುದು ಮೂರೇ ಪುಟ. ಹನ್ನೊಂದು ಸದಸ್ಯರು, ಎಲ್ಲರನ್ನೂ ನಗರಸಭೆಯೇ ನಾಮನಿರ್ದೇಶನ ಮಾಡುತ್ತದೆ. ಮೂರು ತಿಂಗಳಿಗೊಮ್ಮೆ ಸಭೆ ಸೇರುತ್ತಾರೆ. ಸಮಿತಿಯು ‘ಸೂಕ್ತ ಸಲಹೆಗಳನ್ನು ನೀಡಬಹುದು’. ಆ ಸಲಹೆಯನ್ನು ಯಾರು ಓದಬೇಕು, ಓದಿದ ಮೇಲೆ ಅವರು ಏನು ಮಾಡಬೇಕು ಎಂಬ ಮಾತು ಕರಡಿನಲ್ಲಿ ಎಲ್ಲಿಯೂ ಇಲ್ಲ.

ನಾನು ಈ ವಿಷಯಕ್ಕೆ ಬಂದ ಬಗೆಯನ್ನು ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಮನೆಯ ನಲ್ಲಿಯಲ್ಲಿ ಒಂಬತ್ತು ದಿನ ಕಂದು ಬಣ್ಣದ ನೀರು ಬಂತು. ದಿನಾ ಬೆಳಗ್ಗೆ ಮೊದಲ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು, ದಿನಾಂಕ ಬರೆದ ಚೀಟಿ ಅಂಟಿಸಿ, ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಇಡುತ್ತಿದ್ದೆ. ಸಂಜೆಯಾಗುವಷ್ಟರಲ್ಲಿ ಮೇಲಿನ ನೀರು ತಿಳಿಯಾಗಿ, ತಳದಲ್ಲಿ ಉಗುರಿನ ದಪ್ಪಕ್ಕೆ ಕೆಂಪು ಗಸಿ ಕೂತಿರುತ್ತಿತ್ತು. ನಾಲ್ಕನೆಯ ದಿನ ನನ್ನ ಮೊಬೈಲಿಗೆ ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಎಂಬ ಸಂದೇಶ ಬಂತು. ಐದನೆಯ ದಿನದ ಬಾಟಲಿ ಅದುವರೆಗಿನ ಎಲ್ಲವುಗಳಿಗಿಂತ ಕಡುವಾಗಿತ್ತು. ಏನಾಗಿತ್ತೆಂದು ಇವತ್ತಿಗೂ ಯಾರೂ ಹೇಳಿಲ್ಲ. ಯಾರನ್ನು ಕೇಳಬೇಕೆಂಬುದು ನನಗೂ ತಿಳಿದಿರಲಿಲ್ಲ.

ಈಗ ಬಲ್ಲವರಲ್ಲಿ ನನ್ನ ಪ್ರಶ್ನೆ ಇಷ್ಟು. ಇಂತಹ ಸಮಿತಿಯಲ್ಲಿ ವಿಷಯ ತಿಳಿದವರು ಇರಬೇಕೋ, ನೀರು ಬಳಸುವ ಸಾಮಾನ್ಯರು ಇರಬೇಕೋ? ಸಲಹೆ ಕೊಡುವ ಅಧಿಕಾರ ಮಾತ್ರ ಇರುವ ಸಮಿತಿಯನ್ನು ಒಪ್ಪಿಕೊಳ್ಳುವುದು ಒಳ್ಳೆಯದೋ, ಅಥವಾ ಅದು ಹೆಸರಿಗಷ್ಟೇ ಇರುವ ಸಮಿತಿಯಾಗುತ್ತದೆಂದು ವಿರೋಧಿಸುವುದು ಒಳ್ಳೆಯದೋ? ಕರಡಿನಲ್ಲಿ ಒಂದೆರಡು ವಾಕ್ಯಗಳನ್ನು ಮಾತ್ರ ಬದಲಾಯಿಸಲು ಅವಕಾಶ ಸಿಕ್ಕರೆ ಯಾವುದನ್ನು ಬದಲಾಯಿಸಬೇಕು?


ಜಲಮಟ್ಟ (ಉತ್ತರ)

ತಿಳಿನೀರು ಅವರೇ, ನಾನು ನೀರು ಸರಬರಾಜಿನ ಇಂಜಿನಿಯರ್ ಆಗಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. ನೀವು ದೂರು ಕೊಡುವ ಮೇಜಿನ ಆಚೆ ಬದಿಯಲ್ಲಿ ಕುಳಿತಿದ್ದವನ ಮಾತೆಂದು ಇದನ್ನು ಓದಿಕೊಳ್ಳಿ.

ಮೊದಲು ನಿಮ್ಮ ಬಾಟಲಿಗಳ ವಿಷಯ. ಹಳೆಯ ಕೊಳವೆಗಳ ಒಳಗೋಡೆಗೆ ಕಬ್ಬಿಣ ಮತ್ತು ಮ್ಯಾಂಗನೀಸ್‌ನ ಗಸಿ ವರ್ಷಗಟ್ಟಲೆ ಅಂಟಿಕೊಂಡಿರುತ್ತದೆ. ಎಲ್ಲೋ ಮುಖ್ಯ ಕೊಳವೆ ಒಡೆದಾಗ, ಅಗ್ನಿಶಾಮಕ ದಳದವರು ಬೆಂಕಿ ಆರಿಸಲು ನೀರು ಪಡೆಯುವ ಬೀದಿಯ ನಲ್ಲಿಯನ್ನು (ಹೈಡ್ರಂಟ್) ತೆರೆದಾಗ, ಅಥವಾ ಯಾರಾದರೂ ವಾಲ್ವನ್ನು ಅವಸರದಲ್ಲಿ ತಿರುಗಿಸಿದಾಗ, ನೀರಿನ ವೇಗವೋ ದಿಕ್ಕೋ ಬದಲಾಗಿ ಆ ಗಸಿ ಕದಡಿ ನಲ್ಲಿಯವರೆಗೆ ಬರುತ್ತದೆ. ಕೊಳವೆಯ ಕೊನೆಯನ್ನು ತೆರೆದು ಜೋರಾಗಿ ನೀರು ಬಿಟ್ಟು ತೊಳೆದರೆ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ತಿಳಿಯಾಗುತ್ತದೆ. ಒಂಬತ್ತು ದಿನ ಬಂದಿದೆಯೆಂದರೆ ತೊಳೆಯುವ ಕೆಲಸ ಆಗಿರಲಿಕ್ಕಿಲ್ಲ. ದೂರು ‘ಪರಿಹಾರ’ವಾದದ್ದು ಬಹುಶಃ ಕಂಪ್ಯೂಟರಿನಲ್ಲಿ ಮಾತ್ರ, ಇಂತಿಷ್ಟು ಗಂಟೆಯೊಳಗೆ ದೂರನ್ನು ಮುಚ್ಚಬೇಕೆಂಬ ಗುರಿ ಇರುವಲ್ಲಿ ದೂರು ಮುಚ್ಚಿಹೋಗುತ್ತದೆ, ತೊಂದರೆ ಉಳಿದುಹೋಗುತ್ತದೆ. ನಾನೂ ಅಂತಹ ಪಟ್ಟಿಗಳಿಗೆ ಸಹಿ ಹಾಕಿದ್ದೇನೆ, ಅದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ಆದರೆ ಸಮಿತಿಯ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಕಂದು ನೀರು ಎಲ್ಲರ ಕಣ್ಣಿಗೂ ಬೀಳುತ್ತದೆ, ಆದ್ದರಿಂದ ದೂರು ಬರುತ್ತದೆ. ನಿಜವಾಗಿ ಅಪಾಯಕಾರಿಯಾದ ನೀರು ಅನೇಕ ಸಲ ಸ್ಫಟಿಕದಂತೆ ತಿಳಿಯಾಗಿರುತ್ತದೆ. ನೀರಿನಲ್ಲಿ ಕರಗಿದ ಸೀಸ ಎಂಬ ವಿಷಲೋಹಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಅದಕ್ಕೆ ಇಟ್ಟಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಹತ್ತು ಪಾಲು. ಅದನ್ನು ಕಣ್ಣು ನಾಲಗೆಗಳಿಂದ ಕಂಡುಹಿಡಿಯಲು ಯಾರಿಂದಲೂ ಆಗದು. ಹಾಗಾಗಿ ದೂರುಗಳನ್ನು ಆಲಿಸುವ ಸಮಿತಿಯಷ್ಟೇ ಸಾಲದು, ದಾಖಲೆಗಳನ್ನು ಕೇಳಿ ಪಡೆದು ಓದುವ ಸಮಿತಿ ಬೇಕು.

ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದ ಕಥೆಯನ್ನು ನೀವು ಕೇಳಿರಬಹುದು. ಖರ್ಚು ಉಳಿಸಲೆಂದು 2014ರ ಏಪ್ರಿಲ್‌ನಲ್ಲಿ ನೀರಿನ ಮೂಲವನ್ನು ಫ್ಲಿಂಟ್ ನದಿಗೆ ಬದಲಾಯಿಸಿದರು, ಕೊಳವೆಗಳು ಸವೆಯದಂತೆ ತಡೆಯುವ ರಾಸಾಯನಿಕವನ್ನು ಸೇರಿಸಲಿಲ್ಲ, ಹಳೆಯ ಕೊಳವೆಗಳಿಂದ ಸೀಸ ನೀರಿಗಿಳಿಯಿತು. ಅಲ್ಲಿ ಮಾದರಿ ತೆಗೆಯುವವರಿಗೆ, ಹಿಂದಿನ ರಾತ್ರಿ ನಲ್ಲಿಯನ್ನು ಕೆಲವು ನಿಮಿಷ ಬಿಟ್ಟು ಹರಿಸಿ ಎಂಬ ಸೂಚನೆ ಇತ್ತು. ಹಾಗೆ ಹರಿಸಿದರೆ ಮನೆಯ ಕೊಳವೆಯಲ್ಲಿ ನಿಂತಿದ್ದ ಸೀಸ ತೊಳೆದುಹೋಗಿ ಮರುದಿನದ ಮಾದರಿಯಲ್ಲಿ ಕಡಿಮೆ ತೋರಿಸುತ್ತದೆ. ಕೊನೆಗೆ 2015ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು ಕೊಟ್ಟ 300 ಪರೀಕ್ಷಾ ಪೆಟ್ಟಿಗೆಗಳನ್ನು ಅಲ್ಲಿನ ನಿವಾಸಿಗಳೇ ಮನೆಮನೆಗೆ ಹಂಚಿ, 250ಕ್ಕೂ ಹೆಚ್ಚು ಮಾದರಿಗಳನ್ನು ತುಂಬಿ ಹಿಂತಿರುಗಿಸಿದ ಮೇಲೆ ಸತ್ಯ ಹೊರಬಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ನಗರವು ಹಳೆಯ ಮೂಲಕ್ಕೆ ಮರಳಿತು. ‘ನೀರು ಪರೀಕ್ಷೆಯಲ್ಲಿ ಪಾಸಾಗಿದೆ’ ಎಂಬ ಉತ್ತರ ಬಂದರೆ ನಿಮ್ಮ ಸಮಿತಿಯ ಮುಂದಿನ ಪ್ರಶ್ನೆ ಸಿದ್ಧವಿರಬೇಕು: ಮಾದರಿಯನ್ನು ಎಲ್ಲಿ, ಎಷ್ಟು ಹೊತ್ತಿಗೆ, ಹೇಗೆ ತೆಗೆದಿರಿ?

ಇನ್ನೂ ಮೂರು ಲೆಕ್ಕಗಳನ್ನು ನಾನಾದರೆ ಪ್ರತಿ ತಿಂಗಳೂ ಕೇಳುತ್ತಿದ್ದೆ. ಮೊದಲನೆಯದು, ಕೊಳವೆಜಾಲದ ತುದಿಯಲ್ಲಿರುವ ಮನೆಗಳಲ್ಲಿ ಉಳಿಕೆ ಕ್ಲೋರಿನ್, ಅಂದರೆ ರೋಗಾಣುಗಳನ್ನು ಕೊಲ್ಲಲು ಸೇರಿಸಿದ ಕ್ಲೋರಿನ್‌ನಲ್ಲಿ ಅಲ್ಲಿಯವರೆಗೂ ಉಳಿದ ಪಾಲು, ಎಷ್ಟಿದೆ ಎಂಬುದು. ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕೆನ್ನುತ್ತಾರೆ. ಅದು ಸೊನ್ನೆಗಿಳಿದರೆ ದಾರಿಯಲ್ಲೆಲ್ಲೋ ಕೊಳೆ ಸೇರುತ್ತಿರಬಹುದು. ರೋಗಾಣು ಪರೀಕ್ಷೆಯ ಫಲಿತಾಂಶಕ್ಕೆ ಸುಮಾರು ಒಂದು ದಿನ ಬೇಕು, ಅಷ್ಟರಲ್ಲಿ ಆ ನೀರನ್ನು ಜನ ಕುಡಿದಾಗಿರುತ್ತದೆ. ಕ್ಲೋರಿನ್ ಪರೀಕ್ಷೆ ಸ್ಥಳದಲ್ಲೇ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಎರಡನೆಯದು, ಒತ್ತಡ. ಕೊಳವೆಯಲ್ಲಿ ಒತ್ತಡ ತೀರಾ ಇಳಿದಾಗ ನೀರು ಹೊರಗೆ ಸೋರುತ್ತಿದ್ದ ಬಿರುಕಿನಿಂದಲೇ ಹೊರಗಿನ ಕೊಳೆ ಒಳಗೆ ಬರುತ್ತದೆ. ಮೂರನೆಯದು ರಾತ್ರಿ ಎರಡರಿಂದ ನಾಲ್ಕರ ನಡುವಿನ ಹರಿವು. ಊರು ಮಲಗಿರುವಾಗಲೂ ಮೀಟರು ತಿರುಗುತ್ತಲೇ ಇದ್ದರೆ ಆ ನೀರಿನ ಬಹುಪಾಲು ಹೋಗುತ್ತಿರುವುದು ಮಣ್ಣಿಗೆ.

ಆ ಹೊತ್ತಿನಲ್ಲಿ ನಾನು ಎಷ್ಟೋ ರಾತ್ರಿ ರಸ್ತೆಯಲ್ಲಿ ನಿಂತಿದ್ದೇನೆ. ಉದ್ದನೆಯ ಕಬ್ಬಿಣದ ಸರಳೊಂದರ ತುದಿಯನ್ನು ವಾಲ್ವಿನ ತಲೆಗೆ ಊರಿ, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿ ಹಿಡಿದರೆ, ನೆಲದಡಿಯ ಸೋರಿಕೆ ದೂರದಲ್ಲಿ ಯಾರೋ ಒಂದೇ ಉಸಿರಿನಲ್ಲಿ ‘ಸ್ಸ್’ ಎನ್ನುತ್ತಿರುವಂತೆ ಕೇಳಿಸುತ್ತದೆ. ವಾಹನಗಳು ಓಡಾಡುವ ಹೊತ್ತಿನಲ್ಲಿ ಅದು ಕೇಳಿಸುವುದಿಲ್ಲ. ನನ್ನ ಸೇವೆಯ ಬಹುಕಾಲ ಆ ಶಬ್ದದ ಬಗ್ಗೆ ನಾನು ಬರೆದ ವರದಿಗಳನ್ನು ಕೇಳಿದವರಿರಲಿಲ್ಲ. ಕೊಳವೆ ಬದಲಾಯಿಸಲು ಹಣ ಕೇಳಿದಾಗಲೆಲ್ಲ ‘ಮುಂದಿನ ವರ್ಷ ನೋಡೋಣ’ ಎಂಬ ಉತ್ತರ ಬರುತ್ತಿತ್ತು. ಹೊಸ ಜಲಾಗಾರಕ್ಕೆ ಉದ್ಘಾಟನೆ ಇರುತ್ತದೆ, ಸೋರಿಕೆ ನಿಲ್ಲಿಸಿದ್ದಕ್ಕೆ ಇರುವುದಿಲ್ಲ. ಹೊರಗಿನ ನಾಲ್ಕು ಜನ ಕುಳಿತು ‘ರಾತ್ರಿಯ ಹರಿವು ಕಳೆದ ತಿಂಗಳಿಗಿಂತ ಏಕೆ ಹೆಚ್ಚಾಯಿತು?’ ಎಂದು ಕೇಳಿದ್ದರೆ, ಇಲಾಖೆಯ ಒಳಗಿದ್ದ ನನ್ನಂಥವರಿಗೆ ಅದು ದೊಡ್ಡ ಬೆಂಬಲವಾಗುತ್ತಿತ್ತು.


ಹಿಂದಿನ ಸಾಲು (ಉತ್ತರ)

ಇಂತಹದೇ ಸಮಿತಿಯೊಂದರಲ್ಲಿ ನಾನು ಆರು ವರ್ಷ ಸದಸ್ಯೆಯಾಗಿದ್ದೆ. ನಿಮ್ಮ ಕರಡನ್ನು ಓದುವಾಗ ನಮ್ಮ ಮೊದಲ ಮೂರು ವರ್ಷಗಳೇ ಕಣ್ಣ ಮುಂದೆ ಬಂದವು.

ಆಗ ನಡೆಯುತ್ತಿದ್ದದ್ದು ಹೀಗೆ. ಸಭೆಯ ಹಿಂದಿನ ಸಂಜೆ ಇನ್ನೂರು ಪುಟಗಳ ಕಡತ ಬರುತ್ತಿತ್ತು. ಮರುದಿನ ಅಧಿಕಾರಿಯೊಬ್ಬರು ಪರದೆಯ ಮೇಲೆ ನಲವತ್ತು ಚಿತ್ರಗಳನ್ನು ತೋರಿಸಿ ವಿವರಿಸುತ್ತಿದ್ದರು, ಮಾತು ಮುಗಿಯುವ ಹೊತ್ತಿಗೆ ಸಭೆಯ ಸಮಯವೂ ಮುಗಿದಿರುತ್ತಿತ್ತು. ಟೆಂಡರ್ ಆಗಲೇ ಆಗಿಹೋದ ಕಾಮಗಾರಿಯ ಬಗ್ಗೆ ನಮ್ಮ ಅಭಿಪ್ರಾಯ ಕೇಳುತ್ತಿದ್ದರು. ಮೊದಲ ವರ್ಷ ನಾವು ಬರವಣಿಗೆಯಲ್ಲಿ ಕೊಟ್ಟ ಒಂಬತ್ತು ಸಲಹೆಗಳಲ್ಲಿ ಒಂದಕ್ಕೂ ಉತ್ತರ ಬರಲಿಲ್ಲ. ಇಲ್ಲವೆಂದಿದ್ದರೆ ವಾದ ಮಾಡಬಹುದಿತ್ತು, ಆದರೆ ಯಾರೂ ಇಲ್ಲವೆನ್ನಲಿಲ್ಲ. ಎರಡನೆಯ ವರ್ಷ ಕೆಲವರು ಸಭೆಗೆ ಬರುವುದನ್ನೇ ನಿಲ್ಲಿಸಿದರು, ಮೂರನೆಯ ವರ್ಷ ಎರಡು ಸಭೆಗಳು ಕೋರಂ ಇಲ್ಲದೆ ರದ್ದಾದವು. ಆಗ ‘ಜನರಿಗೆ ಆಸಕ್ತಿಯೇ ಇಲ್ಲ’ ಎಂದು ನಡಾವಳಿಯಲ್ಲಿ ಬರೆದರು. ಆ ವಾಕ್ಯವನ್ನು ಓದಿದ ದಿನ ನನಗೆ ಆದ ನೋವು ಈಗಲೂ ಹೋಗಿಲ್ಲ.

ನಾಲ್ಕನೆಯ ವರ್ಷ ನಿಯಮಾವಳಿಯ ತಿದ್ದುಪಡಿಗೆ ಅವಕಾಶ ಬಂದಾಗ ನಾವು ಹೆಚ್ಚಿನ ಅಧಿಕಾರವನ್ನು ಕೇಳಲಿಲ್ಲ. ಎರಡೇ ವಾಕ್ಯಗಳನ್ನು ಕೇಳಿದೆವು. ಒಂದು, ಕಾಗದಪತ್ರಗಳು ಸಭೆಗೆ ಹದಿನಾಲ್ಕು ದಿನ ಮುಂಚೆ ತಲುಪಬೇಕು, ತಲುಪದ ವಿಷಯವನ್ನು ಸಭೆಯಲ್ಲಿ ಎತ್ತಿಕೊಳ್ಳುವಂತಿಲ್ಲ. ಇನ್ನೊಂದು, ಸಮಿತಿಯ ಪ್ರತಿ ಲಿಖಿತ ಸಲಹೆಗೂ ನಗರಸಭೆಯು ನಲವತ್ತೈದು ದಿನಗಳೊಳಗೆ, ಒಪ್ಪಿದ್ದರೆ ಯಾವಾಗ ಮಾಡುತ್ತೇವೆಂದೂ ಒಪ್ಪದಿದ್ದರೆ ಕಾರಣವೇನೆಂದೂ, ಬರವಣಿಗೆಯಲ್ಲಿ ಉತ್ತರಿಸಬೇಕು. ಸಲಹೆ ಮತ್ತು ಉತ್ತರ ಎರಡನ್ನೂ ಸಾರ್ವಜನಿಕವಾಗಿ ಪ್ರಕಟಿಸಬೇಕು. ಆ ಎರಡನೆಯ ವಾಕ್ಯದಿಂದ ಎಲ್ಲವೂ ಬದಲಾಯಿತು. ಕಾರಣ ಬರೆಯಬೇಕಾದ ಅಧಿಕಾರಿ ಕಾರಣವನ್ನು ಹುಡುಕಬೇಕಾಗುತ್ತದೆ, ಹುಡುಕುವಾಗ ಎಷ್ಟೋ ಸಲ ಕಾರಣವೇ ಇಲ್ಲವೆಂದು ಅವರಿಗೇ ಗೊತ್ತಾಗುತ್ತದೆ. ನಮ್ಮ ಸಲಹೆಗಳ ಗುಣಮಟ್ಟವೂ ಸುಧಾರಿಸಿತು, ಏಕೆಂದರೆ ‘ನೀರಿನ ಗುಣಮಟ್ಟ ಹೆಚ್ಚಿಸಿ’ ಎಂದು ಬರೆದರೆ ‘ಹೆಚ್ಚಿಸುತ್ತಿದ್ದೇವೆ’ ಎಂಬ ಉತ್ತರ ಬರುತ್ತದೆಂದು ನಾವೂ ಬೇಗ ಕಲಿತೆವು. ಆದ್ದರಿಂದ ತಿಳಿನೀರು ಅವರ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ. ಬೇರೆ ಏನನ್ನು ಬಿಟ್ಟುಕೊಟ್ಟರೂ ಈ ವಾಕ್ಯವನ್ನು ಬಿಟ್ಟುಕೊಡಬೇಡಿ. ಸಲಹಾ ಸಮಿತಿ ಎಂದೇ ಇರಲಿ, ಆದರೆ ಉತ್ತರ ಕಡ್ಡಾಯವಾಗಿರಲಿ.

ಸದಸ್ಯರು ಯಾರಿರಬೇಕು ಎಂಬುದಕ್ಕೆ ಒಂದು ಸಂಗತಿಯನ್ನು ಹೇಳುತ್ತೇನೆ. ನಾಲ್ಕನೆಯ ವರ್ಷದಿಂದ ಅರ್ಧ ಸದಸ್ಯರನ್ನು ಚೀಟಿ ಎತ್ತಿ ಆರಿಸತೊಡಗಿದೆವು. ಹಾಗೆ ಬಂದವರಲ್ಲಿ ಒಬ್ಬ ಮಹಿಳೆ ಕಚೇರಿಗಳನ್ನು ಸ್ವಚ್ಛಗೊಳಿಸುವ ಕೆಲಸದವರು, ಗುಡ್ಡದ ಮೇಲಿನ ಕಟ್ಟಡವೊಂದರ ಕೊನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಒಂದು ಸಭೆಯಲ್ಲಿ ನೀರಿನ ಒತ್ತಡದ ನಕ್ಷೆಯನ್ನು ಮೇಜಿನ ಮೇಲೆ ಹಾಸಿದ್ದರು, ಅವರ ಪ್ರದೇಶಕ್ಕೆ ಹಸಿರು ಬಣ್ಣ ಬಳಿದಿತ್ತು. ಅವರು ಎದ್ದು ಬಂದು, ನಕ್ಷೆಯ ಮೇಲೆ ಬೆರಳಿಟ್ಟು, ‘ಇದು ನಮ್ಮ ಮನೆ. ಇಲ್ಲಿ ನೀರು ಬರುವುದು ಬೆಳಗಿನ ಜಾವ ಮೂರಕ್ಕೆ, ನಾನು ಎದ್ದು ಹಿಡಿಯುತ್ತೇನೆ’ ಎಂದರು. ಇಂಜಿನಿಯರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಒತ್ತಡಮಾಪಕ ಇರುವುದು ಗುಡ್ಡದ ಬುಡದಲ್ಲಿ ಎಂದು ಒಪ್ಪಿಕೊಂಡರು. ಎರಡು ತಿಂಗಳಲ್ಲಿ ಮೇಲೆಯೂ ಒಂದು ಮಾಪಕ ಬಂತು, ಹಸಿರಿದ್ದ ಜಾಗ ಕೆಂಪಾಯಿತು. ಅದುವರೆಗೆ ಆ ಸಮಿತಿಯಲ್ಲಿದ್ದ ನಾವೆಲ್ಲರೂ ಓದಿದವರು, ಸ್ವಂತ ಮನೆಯವರು, ತಗ್ಗಿನ ಬೀದಿಗಳವರು. ಆ ನಕ್ಷೆಯನ್ನು ಅದಕ್ಕೂ ಮುಂಚೆ ಹಲವು ಸಲ ನೋಡಿದ್ದೆವು.

ಅವರಂಥವರು ಬರಬೇಕೆಂದರೆ ಸಭೆಯ ದಿನದ ಕೂಲಿಗೆ ಸಮನಾದ ಭತ್ಯೆ ಇರಬೇಕು, ಸಭೆ ಸಂಜೆ ನಡೆಯಬೇಕು, ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡಿರಬೇಕು. ನಗರಸಭೆಗೆ ಕೆಲಸ ಮಾಡುವ ಗುತ್ತಿಗೆದಾರರು ಮತ್ತು ನೀರಿನ ವ್ಯಾಪಾರದಲ್ಲಿರುವವರು ಸದಸ್ಯರಾಗಕೂಡದು. ಎಲ್ಲರ ಅವಧಿ ಒಟ್ಟಿಗೇ ಮುಗಿಯದಿರಲಿ, ಇಲ್ಲದಿದ್ದರೆ ಕಲಿತದ್ದೆಲ್ಲ ಒಂದೇ ದಿನ ಬಾಗಿಲಾಚೆ ಹೋಗುತ್ತದೆ.


ಒಂದು ಮತ (ಉತ್ತರ)

ಮೇಲಿನ ಇಬ್ಬರ ಅನುಭವವನ್ನೂ ಗೌರವಿಸುತ್ತಲೇ, ನನಗಿರುವ ಗಂಭೀರವಾದ ಅನುಮಾನವನ್ನು ಮುಂದಿಡುತ್ತೇನೆ. ನಗರಸಭೆಯೇ ಜನರು ಮತ ಹಾಕಿ ಆರಿಸಿದ ಸಮಿತಿ. ತಪ್ಪಾದರೆ ಮುಂದಿನ ಚುನಾವಣೆಯಲ್ಲಿ ಅವರನ್ನು ಇಳಿಸಬಹುದು. ಚೀಟಿಯಲ್ಲಿ ಹೆಸರು ಬಂದವರನ್ನು ಯಾರು ಇಳಿಸುತ್ತಾರೆ? ಮುಂದೆ ನೀರಿನ ದರ ಏರಿಸಬೇಕಾದಾಗ ‘ನಾಗರಿಕ ಸಮಿತಿಯನ್ನು ಕೇಳಿದ್ದೇವೆ’ ಎಂದು ಹೇಳಿ ಜವಾಬ್ದಾರಿಯಿಂದ ಜಾರಿಕೊಳ್ಳಲು ಇದೊಂದು ದಾರಿಯಾಗುವುದಿಲ್ಲವೇ?

ಎರಡನೆಯ ಅನುಮಾನ ಇನ್ನೂ ಕಷ್ಟದ್ದು. ಜನಾಭಿಪ್ರಾಯ ಯಾವಾಗಲೂ ಸರಿಯಾದ ಕಡೆಗೆ ಇರುವುದಿಲ್ಲ. ಆಸ್ಟ್ರೇಲಿಯಾದ ಟೂವೂಂಬಾ ನಗರದಲ್ಲಿ ಭೀಕರ ಬರವಿದ್ದಾಗ, ಶುದ್ಧೀಕರಿಸಿದ ಕೊಳಚೆನೀರನ್ನು ಜಲಾಶಯಕ್ಕೆ ಸೇರಿಸಿ ಕುಡಿಯಲು ಬಳಸುವ ಯೋಜನೆಯನ್ನು 2006ರ ಜುಲೈ 29ರಂದು ಜನಮತಕ್ಕೆ ಹಾಕಿದರು. ಸುಮಾರು ಶೇಕಡ 62ರಷ್ಟು ಜನ ಬೇಡವೆಂದರು. ನಮೀಬಿಯಾದ ವಿಂಡ್‌ಹೂಕ್ ನಗರ ಅದೇ ಬಗೆಯ ಮರುಬಳಕೆಯ ನೀರನ್ನು 1968ರಿಂದ ತನ್ನ ಜನರಿಗೆ ಕುಡಿಯಲು ಕೊಡುತ್ತಿದೆ. ತಂತ್ರಜ್ಞಾನ ಸಿದ್ಧವಾಗಿತ್ತು, ನೀರಿನ ಅಗತ್ಯವೂ ಇತ್ತು, ಆದರೂ ಭಯ ಗೆದ್ದಿತು. ಗಟ್ಟಿಯಾಗಿ ಮಾತಾಡುವ ನಾಲ್ವರು ಸಮಿತಿಯನ್ನು ಹಿಡಿದುಕೊಂಡು, ಊರಿಗೆ ಬೇಕಾದ ಯೋಜನೆಯೊಂದನ್ನು ವರ್ಷಗಟ್ಟಲೆ ನಿಲ್ಲಿಸಿದರೆ ಹೊಣೆ ಯಾರದು?


ಮೆಟ್ಟಿಲಬಾವಿ (ಉತ್ತರ)

ನಾನು ಸಾರ್ವಜನಿಕ ಆಡಳಿತವನ್ನು ಬೋಧಿಸುವವನು. ‘ಒಂದು ಮತ’ ಅವರ ಪ್ರಶ್ನೆಗಳನ್ನು ತಳ್ಳಿಹಾಕಲಾಗದು, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಟೂವೂಂಬಾದಲ್ಲಿ ನಡೆದದ್ದು ಹೌದು ಅಥವಾ ಅಲ್ಲ ಎಂಬ ಒಂದೇ ದಿನದ ಮತದಾನ, ಅದಕ್ಕೆ ಮುಂಚೆ ಹಲವು ತಿಂಗಳ ಬಿರುಸಿನ ಪ್ರಚಾರ. ಸಮಿತಿಯ ಕೆಲಸ ಇದರಿಂದ ಬೇರೆ. ಒಂದೇ ವಿಷಯವನ್ನು ವರ್ಷವಿಡೀ ನೋಡುತ್ತ, ಶುದ್ಧೀಕರಣ ಘಟಕಕ್ಕೆ ಹೋಗಿ ಬಂದು, ಲೆಕ್ಕಗಳನ್ನು ಕೇಳಿ, ಮನಸ್ಸು ಬದಲಾಯಿಸಿಕೊಳ್ಳಲೂ ಅಲ್ಲಿ ಸಮಯವಿರುತ್ತದೆ. ಯೋಜನೆ ಸಿದ್ಧವಾದ ಮೇಲೆ ಜನರ ಒಪ್ಪಿಗೆ ಕೇಳುವ ಬದಲು ಯೋಜನೆ ರೂಪುಗೊಳ್ಳುವಾಗಲೇ ಕೆಲವು ನಾಗರಿಕರು ಜೊತೆಗಿದ್ದರೆ, ಭಯಕ್ಕೆ ಉತ್ತರಿಸಬಲ್ಲವರು ನೆರೆಹೊರೆಯಲ್ಲಿಯೇ ಇರುತ್ತಾರೆ. ಹಾಗೆಯೇ, ಸಮಿತಿ ತೀರ್ಮಾನಿಸಬಾರದ ವಿಷಯಗಳೂ ಇವೆ ಎಂಬುದನ್ನು ಒಪ್ಪುತ್ತೇನೆ. ಕುಡಿಯುವ ನೀರಿನಲ್ಲಿ ಯಾವ ವಸ್ತು ಎಷ್ಟಿರಬಹುದು ಎಂಬುದು ಮತಕ್ಕೆ ಹಾಕುವ ವಿಷಯವಲ್ಲ. ಯಾವ ಬೀದಿಯ ಕೊಳವೆಯನ್ನು ಮೊದಲು ಬದಲಾಯಿಸಬೇಕು, ಕೊರತೆಯ ದಿನಗಳಲ್ಲಿ ಯಾರಿಗೆ ಎಷ್ಟು, ಬಿಲ್ಲು ಕಟ್ಟಲಾಗದವರನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುವು ನ್ಯಾಯದ ಪ್ರಶ್ನೆಗಳು. ಅವುಗಳಲ್ಲಿ ಇಂಜಿನಿಯರಿಗೆ ಇರುವಷ್ಟೇ ಹಕ್ಕು ನೀರು ಹಿಡಿಯಲು ಮೂರು ಗಂಟೆಗೆ ಏಳುವವರಿಗೂ ಇದೆ.

ಇನ್ನು, ಆಯ್ಕೆಯಾದ ಪ್ರತಿನಿಧಿಗಳಿದ್ದಾರಲ್ಲ ಎಂಬ ಮಾತು. ಕೆನಡಾದ ಒಂಟಾರಿಯೊ ಪ್ರಾಂತ್ಯದ ವಾಕರ್‌ಟನ್ ಸುಮಾರು ಐದು ಸಾವಿರ ಜನರ ಊರು. 2000ದ ಮೇ ತಿಂಗಳಿನಲ್ಲಿ ಜೋರು ಮಳೆಗೆ ದನದ ಸಗಣಿಯ ರೋಗಾಣುಗಳು ಆಳವಿಲ್ಲದ ಬಾವಿಯೊಂದನ್ನು ಸೇರಿ, 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಏಳು ಜನ ಸತ್ತರು. ಕ್ಲೋರಿನ್ ಅಳತೆಯ ಪುಸ್ತಕದಲ್ಲಿ ಸಿಬ್ಬಂದಿ ಅಳೆಯದೆಯೇ ಅಂಕಿಗಳನ್ನು ಬರೆಯುತ್ತಿದ್ದರೆಂಬುದು ವಿಚಾರಣೆಯಲ್ಲಿ ಹೊರಬಿತ್ತು. ಅಲ್ಲಿಯೂ ನೀರಿನ ಮೇಲ್ವಿಚಾರಣೆಗೆ ಚುನಾಯಿತ ಆಯುಕ್ತರಿದ್ದರು. ಸರ್ಕಾರದ 1998ರ ತಪಾಸಣಾ ವರದಿ ಅವರ ಕೈಗೂ ಬಂದಿತ್ತು. ವ್ಯವಸ್ಥಾಪಕರು ಎಲ್ಲವನ್ನೂ ಸರಿಪಡಿಸುತ್ತಾರೆಂದು ನಂಬಿ ಮುಂದೆ ಕೇಳಲಿಲ್ಲ. ಬಾವಿಯಲ್ಲಿ ಕ್ಲೋರಿನ್ ಮತ್ತು ಕದಡಿಕೆಯನ್ನು ಸದಾ ಅಳೆಯುವ ಉಪಕರಣ ಇದ್ದಿದ್ದರೆ ಆ ಅನಾಹುತ ತಪ್ಪುತ್ತಿತ್ತು ಎಂದು ನ್ಯಾಯಮೂರ್ತಿ ಡೆನಿಸ್ ಓ’ಕಾನರ್ ತಮ್ಮ ವರದಿಯಲ್ಲಿ ಬರೆದರು. ಮತ ಪಡೆದು ಕುಳಿತರೆ ಸಾಲದು, ‘ಆ ವರದಿಯಲ್ಲಿ ಹೇಳಿದ್ದು ಆಯಿತೇ?’ ಎಂದು ಮತ್ತೆ ಕೇಳುವವರೊಬ್ಬರು ಬೇಕು. ‘ಹಿಂದಿನ ಸಾಲು’ ಅವರು ಹೇಳಿದ ಲಿಖಿತ ಉತ್ತರದ ನಿಯಮ ಅಂತಹ ಕಡೆಗಳಲ್ಲಿ ಕೆಲಸಕ್ಕೆ ಬರುತ್ತದೆ.

ಆದರೆ ಉತ್ತರದ ನಿಯಮಕ್ಕೂ ಒಂದು ಮಿತಿ ಇದೆಯೆಂಬುದನ್ನು ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ‘ಜಲಮಟ್ಟ’ ಅವರು ಹೇಳಿದ ಫ್ಲಿಂಟ್‌ನಲ್ಲಿ, 2015ರ ಮಾರ್ಚ್‌ನಲ್ಲಿ ನಗರಸಭೆಯೇ 7–1 ಮತಗಳಿಂದ ಹಳೆಯ ನೀರಿನ ಮೂಲಕ್ಕೆ ಮರಳಬೇಕೆಂದು ನಿರ್ಣಯಿಸಿತ್ತು. ಆಗ ನಗರದ ಹಣಕಾಸಿನ ಆಡಳಿತ ರಾಜ್ಯವು ನೇಮಿಸಿದ ತುರ್ತು ವ್ಯವಸ್ಥಾಪಕರ ಕೈಯಲ್ಲಿತ್ತು, ಅವರು ಆ ನಿರ್ಣಯವನ್ನು ಒಪ್ಪಲಿಲ್ಲ. ಹಾಗಾಗಿ ಕರಡನ್ನು ಓದುವಾಗ, ನಿಮ್ಮ ಊರಿನಲ್ಲಿ ನೀರಿನ ಬಗ್ಗೆ ನಿಜವಾಗಿ ನಿರ್ಧರಿಸುವವರು ಯಾರು ಎಂಬುದನ್ನು ಮೊದಲು ತಿಳಿದುಕೊಳ್ಳಿ. ನಗರಸಭೆಯೇ, ಬೇರೊಂದು ಮಂಡಳಿಯೇ, ಗುತ್ತಿಗೆ ಪಡೆದ ಕಂಪನಿಯೇ? ಉತ್ತರಿಸುವ ಹೊಣೆಯನ್ನು ನಿರ್ಧರಿಸುವವರ ಮೇಲೆಯೇ ಹೊರಿಸಬೇಕು, ಗುತ್ತಿಗೆಯಿದ್ದರೆ ಆ ಹೊಣೆ ಗುತ್ತಿಗೆಯ ಕರಾರಿನಲ್ಲಿಯೂ ಇರಬೇಕು. ಪ್ಯಾರಿಸ್ ನಗರವು 2010ರ ಜನವರಿಯಲ್ಲಿ ಖಾಸಗಿ ಕಂಪನಿಗಳಿಂದ ನೀರು ಸರಬರಾಜನ್ನು ತನ್ನ ಕೈಗೆ ತೆಗೆದುಕೊಂಡಾಗ, ಹೊಸ ಸಂಸ್ಥೆಯ ಆಡಳಿತ ಮಂಡಳಿಯಲ್ಲಿಯೇ ಬಳಕೆದಾರರ ಸಂಘಗಳಿಗೂ ನೌಕರರಿಗೂ ಸ್ಥಾನ ಕೊಟ್ಟಿತು. ನೆದರ್‌ಲೆಂಡ್ಸ್‌ನಲ್ಲಿ ಒಡ್ಡುಗಳು, ಕಾಲುವೆಗಳು ಮತ್ತು ಕೊಳಚೆನೀರಿನ ಶುದ್ಧೀಕರಣವನ್ನು ನೋಡಿಕೊಳ್ಳುವ 21 ಜಲಮಂಡಳಿಗಳಿವೆ. ಅವುಗಳ ಬೇರು 13ನೆಯ ಶತಮಾನದ್ದು. ಅವಕ್ಕೆ ತಮ್ಮದೇ ಚುನಾವಣೆಯಿದೆ, ತೆರಿಗೆ ಹಾಕುವ ಅಧಿಕಾರವಿದೆ. ಎಲ್ಲ ಊರುಗಳೂ ಅಷ್ಟು ದೂರ ಹೋಗಬೇಕಿಲ್ಲ, ಆದರೆ ಸಲಹೆಯಿಂದ ಆಡಳಿತದವರೆಗೆ ನಡುವೆ ಎಷ್ಟು ಮೆಟ್ಟಿಲುಗಳಿವೆ ಎಂಬುದು ನಿಮಗೆ ಗೊತ್ತಿರಲಿ.

ಒತ್ತಾಯಿಸಿ ಹೇಳಬೇಕಾದ ಇನ್ನೊಂದು ವಿಷಯ ಅಂಕಿಅಂಶಗಳದ್ದು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಎಲಿನೋರ್ ಆಸ್ಟ್ರಮ್ ತಮ್ಮ ಸಂಶೋಧನೆಯನ್ನು ಆರಂಭಿಸಿದ್ದೇ ಲಾಸ್ ಏಂಜಲೀಸ್ ಸುತ್ತಲಿನ ಅಂತರ್ಜಲದಿಂದ. ಎಲ್ಲರೂ ಮಿತಿಮೀರಿ ನೀರೆತ್ತಿ ಸಮುದ್ರದ ಉಪ್ಪುನೀರು ಒಳನುಗ್ಗುತ್ತಿದ್ದಾಗ, ಬಳಕೆದಾರರೇ ಸಂಘ ಕಟ್ಟಿಕೊಂಡು ಮಿತಿ ಹಾಕಿಕೊಂಡರು. ಯಾರು ಎಷ್ಟು ಎತ್ತಿದರು ಎಂಬುದು ಪರಸ್ಪರರಿಗೆ ಕಾಣುತ್ತಿದ್ದದ್ದರಿಂದ ಆ ಒಪ್ಪಂದ ಬಾಳಿತು. ನಿಮ್ಮ ಕರಡಿನಲ್ಲಿ ‘ಮಾಹಿತಿ’ ಎಂಬ ಪದ ಎಷ್ಟು ಸಲ ಬಂದಿದೆ ನೋಡಿ.


ತಿಳಿನೀರು

ನಿಮ್ಮೆಲ್ಲರಿಗೂ ಮನಃಪೂರ್ವಕ ವಂದನೆಗಳು. ಕರಡನ್ನು ಮತ್ತೆ ಓದಿದೆ. ‘ಮಾಹಿತಿ’ ಎಂಬ ಪದ ಒಂದೇ ಒಂದು ಸಲ ಬಂದಿದೆ, ಅದೂ ‘ಸಮಿತಿಯು ಸಾರ್ವಜನಿಕರಿಗೆ ಮಾಹಿತಿ ನೀಡಲು ಸಹಕರಿಸಬೇಕು’ ಎಂಬ ವಾಕ್ಯದಲ್ಲಿ. ಸಮಿತಿಗೆ ಮಾಹಿತಿ ಕೊಡುವವರು ಯಾರೂ ಇಲ್ಲ.

ವಿರೋಧಿಸಬೇಕೇ ಎಂಬ ನನ್ನ ಗೊಂದಲ ಈಗ ಹೋಗಿದೆ. ಸಮಿತಿ ಬೇಕು, ಹೀಗಿರುವ ಸಮಿತಿ ಬೇಡ ಎಂದು ಬರೆಯುತ್ತೇವೆ. ಲಿಖಿತ ಉತ್ತರದ ವಾಕ್ಯ ಮೊದಲ ಪುಟದಲ್ಲಿಯೇ ಬರುತ್ತದೆ, ಹದಿನಾಲ್ಕು ದಿನದ ನಿಯಮ ಅದರ ಕೆಳಗೆ. ‘ಜಲಮಟ್ಟ’ ಅವರು ಹೇಳಿದ ಮೂರು ಲೆಕ್ಕಗಳನ್ನೂ, ಮಾದರಿ ತೆಗೆದ ಸ್ಥಳ ಮತ್ತು ವಿಧಾನವನ್ನೂ ಪ್ರತಿ ತಿಂಗಳು ಸಮಿತಿಯ ಮುಂದಿಡಬೇಕೆಂದು ಸೇರಿಸುತ್ತೇವೆ. ಅರ್ಧ ಸದಸ್ಯರನ್ನು ಚೀಟಿ ಎತ್ತಿ ಆರಿಸುವ ಬಗ್ಗೆ ನಮ್ಮ ಸಂಘದಲ್ಲಿಯೇ ಭಿನ್ನಾಭಿಪ್ರಾಯವಿದೆ. ಮೂರು ಗಂಟೆಗೆ ಏಳುವ ಆ ಮಹಿಳೆಯ ಸಂಗತಿಯನ್ನು ನಾಳೆ ಅವರಿಗೆ ಓದಿ ಹೇಳುತ್ತೇನೆ. ‘ಒಂದು ಮತ’ ಅವರ ಎಚ್ಚರಿಕೆಗೆ, ದರ ಏರಿಕೆಯಂತಹ ನಿರ್ಧಾರಗಳ ಹೊಣೆ ನಗರಸಭೆಯದೇ ಎಂದು ಸ್ಪಷ್ಟವಾಗಿ ಬರೆಯುವುದು ಉತ್ತರವಾದೀತೇ?


ಒಂದು ಮತ

ಆಗುತ್ತದೆ. ಜೊತೆಗೆ, ಸಮಿತಿ ಒಪ್ಪದಿದ್ದ ವಿಷಯವನ್ನು ನಗರಸಭೆ ಜಾರಿಗೆ ತಂದರೆ ಆ ಭಿನ್ನಾಭಿಪ್ರಾಯವನ್ನು ನಿರ್ಣಯದ ಜೊತೆಯಲ್ಲಿಯೇ ಪ್ರಕಟಿಸಬೇಕೆಂದೂ ಸೇರಿಸಿ. ಆಗ ‘ಜನರನ್ನು ಕೇಳಿದ್ದೇವೆ’ ಎಂಬ ಮಾತಿನ ಹಿಂದೆ ಯಾರೂ ಅಡಗಲಾರರು. ವಾಕರ್‌ಟನ್ನಿನ ಸಂಗತಿ ನನಗೆ ತಿಳಿದಿರಲಿಲ್ಲ, ಅದು ನನ್ನ ಅನುಮಾನವನ್ನು ಸ್ವಲ್ಪ ಕಡಿಮೆ ಮಾಡಿದೆ, ಪೂರ್ತಿಯಾಗಿ ಅಲ್ಲ.


ಜಲಮಟ್ಟ

ಒಂದು ಮಾತು ಬಿಟ್ಟುಹೋಗಿತ್ತು. ಮೊದಲ ಸಭೆಯನ್ನು ಸಭಾಂಗಣದಲ್ಲಿ ಮಾಡಬೇಡಿ. ನೀರು ಎತ್ತುವ ಜಾಗದಿಂದ ಆರಂಭಿಸಿ, ಶುದ್ಧೀಕರಣ ಘಟಕ, ಜಲಾಗಾರ, ಕೊಳವೆಜಾಲದ ಕೊನೆಯ ನಲ್ಲಿ, ಆಮೇಲೆ ಕೊಳಚೆನೀರು ಹೊರಗೆ ಹೋಗುವ ಜಾಗ, ಹೀಗೆ ಒಂದು ಪೂರ್ತಿ ದಿನ ಎಲ್ಲ ಸದಸ್ಯರೂ ಒಟ್ಟಿಗೆ ನೋಡಿಬರಲಿ. ಕ್ಲೋರಿನ್ ಪರೀಕ್ಷೆಯ ಸಣ್ಣ ಪೆಟ್ಟಿಗೆಯೊಂದನ್ನು ಜೊತೆಗೆ ಒಯ್ದು, ಪ್ರತಿ ಜಾಗದಲ್ಲಿಯೂ ಸದಸ್ಯರೇ ಅಳೆದು ಬರೆದುಕೊಳ್ಳಲಿ. ನಿಮ್ಮ ಒಂಬತ್ತು ಬಾಟಲಿಗಳು ಇನ್ನೂ ಇದ್ದರೆ ಅವುಗಳನ್ನೂ ತೆಗೆದುಕೊಂಡು ಹೋಗಿ, ಆ ದಿನಾಂಕಗಳಲ್ಲಿ ಯಾವ ವಾಲ್ವನ್ನು ಯಾರು ತಿರುಗಿಸಿದ್ದರೆಂದು ಅಲ್ಲಿನ ದಿನಚರಿ ಪುಸ್ತಕವನ್ನು ತೆಗೆಸಿ ನೋಡಿ.


ತಿಳಿನೀರು

ಏಳು ಉಳಿದಿವೆ ಸರ್, ಚೀಟಿಗಳೂ ಇವೆ. ತರುತ್ತೇನೆ.